ಎರಡನೇ ಮಹಡಿ

ಹನ್ನೊಂದಕ್ಕೆ ಬನ್ನಿ, ಹತ್ತು ನಿಮಿಷ ಕೊಡುತ್ತೇನೆ
ಎಂದಿದ್ದಾರೆ ಅಮ್ಮಣ್ಣಾಯರು ಫೋನಿನಲ್ಲಿ.
ಹತ್ತು ನಿಮಿಷ!
ಮೂವತ್ತೊಂದು ವರ್ಷದಲ್ಲಿ ನನಗೆ ಯಾರೂ
ಅಷ್ಟು ಉದ್ದದ ಸಮಯ ಕೊಟ್ಟದ್ದಿಲ್ಲ.

ಫೋರ್ಟಿನ ದಾದಾಚಾಂಜಿ ಚೇಂಬರ್ಸು.
ಜಾಲರಿ ಬಾಗಿಲಿನ ಲಿಫ್ಟು, ಅದರೊಳಗೊಂದು ಸ್ಟೂಲು,
ಸ್ಟೂಲಿನ ಮೇಲೆ ನಾನು.
ನೆಲದಿಂದ ಆರನೆಯದಕ್ಕೆ ನಲವತ್ತು ಸೆಕೆಂಡು,
ಕರೆಂಟು ಸರಿಯಿದ್ದರೆ.
ನಾನು ಕೇಳಿದ ಕತೆಗಳೆಲ್ಲ ಅಷ್ಟೇ ಉದ್ದ:
ಮೂರರಲ್ಲಿ ಹತ್ತಿದ ಜಗಳ
ಐದರಲ್ಲಿ ಇಳಿದು ಹೋಗುತ್ತಿತ್ತು,
ತೀರ್ಪು ಏನಾಯಿತೋ ಗೊತ್ತಿಲ್ಲ.
ಹಾಗಾಗಿ ನನ್ನ ಪುಸ್ತಕದಲ್ಲಿ ಕೊನೆಗಳಿಲ್ಲ.
ಇದನ್ನು ಮೊದಲೇ ಹೇಳಿಬಿಡುವುದೋ,
ಅವರೇ ಕಂಡುಹಿಡಿಯಲೆಂದು ಬಿಡುವುದೋ?

ಸಾಲಿಸಿಟರ್ ಸಾಹೇಬರು ಹೊಸವರ್ಷಕ್ಕೆ ಕೊಟ್ಟ
ಡೈರಿಗಳು ಹನ್ನೊಂದು.
ಅವನ್ನೆಲ್ಲ ಫುಲ್‌ಸ್ಕೇಪಿಗೆ ಎತ್ತಿ ಬರೆದಿದ್ದೇನೆ,
ಒಂದೇ ಬದಿಗೆ, ಎಡಕ್ಕೆ ಎರಡು ಬೆರಳು ಬಿಟ್ಟು.
ತುಳು ನುಸುಳಿದಲ್ಲೆಲ್ಲ ಪೆನ್ಸಿಲಿನ ಚುಕ್ಕೆ ಇಟ್ಟಿದ್ದೆ.
ನಿನ್ನೆ ರಾತ್ರಿ ಕೂತು ಚುಕ್ಕೆಗಳನ್ನು ಅಳಿಸಿದೆ.
ತುಳು ಇರಲಿ.

ರಾತ್ರಿಶಾಲೆಯಲ್ಲಿ ಜೊತೆಗಿದ್ದ ಜಾರಪ್ಪ ಕೋಟ್ಯಾನನ
ಪದ್ಯದ ಪುಸ್ತಕ ಅಚ್ಚಾಗಿ ಹತ್ತೊಂಬತ್ತು ವರ್ಷ.
ಬುದ್ಧಿ ಕೇಳಲು ಭಾಂಡೂಪಿಗೆ ಹೋದೆ.
ದುಡ್ಡಿನ ಮಾತು ನೀನಾಗಿ ಎತ್ತಬೇಡ, ಅಂದ.
ಮುನ್ನುಡಿ ಯಾರದು ಎಂದು ಕೇಳಿದರೆ ನಗಬೇಡ.
ಚಾ ಕೊಟ್ಟರೆ ಕುಡಿ, ಎರಡನೇ ಸಲ ಕೊಟ್ಟರೆ ಹೆದರು.
ಆಮೇಲೆ ದನಿ ತಗ್ಗಿಸಿ ಕೇಳಿದ:
'ಮಂಚದಡಿ ಜಾಗ ಎಷ್ಟಿದೆ?'

ತಮಾಷೆಯೆಂದುಕೊಂಡು ಮನೆಯಲ್ಲಿ ಹೇಳಿದೆ.
ಬೇಬಿ ನಗಲಿಲ್ಲ.
ಬೆಳಿಗ್ಗೆ ಎದ್ದು ನೋಡುತ್ತೇನೆ,
ಕುಚ್ಚಲಕ್ಕಿ ಚೀಲ, ತಗಡಿನ ಟ್ರಂಕು, ಕಾಲು ಮುರಿದ ಟೇಬಲ್ ಫ್ಯಾನು
ಎಲ್ಲ ಚಾಳಿನ ಕಾರಿಡಾರಿನಲ್ಲಿ.
ಇವಳು ಮೊಣಕಾಲೂರಿ ನೆಲ ಒರೆಸಿ
ಮಂಚದಡಿಗೆ ಗೇಣು ಹಾಕುತ್ತಿದ್ದಾಳೆ.
'ಮುನ್ನೂರು ಹಿಡಿಸಬಹುದು,
ದಪ್ಪ ಇಲ್ಲದಿದ್ದರೆ' ಎಂದಳು ತಲೆಯೆತ್ತದೆ.

ಅವಳು ಅದರ ಒಂದು ಹಾಳೆಯನ್ನೂ ಓದಿಲ್ಲ.
ನಾನು ಓದಲು ಕೊಟ್ಟದ್ದೂ ಇಲ್ಲ.

ಖಾಕಿಯಲ್ಲದ ಅಂಗಿ ನನ್ನಲ್ಲಿ ಎರಡು,
ಮದುವೆಗಳಿಗೊಂದು, ಸಾವುಗಳಿಗೊಂದು.
ಸಾವಿನದ್ದನ್ನೇ ಇಸ್ತ್ರಿ ಮಾಡಿಸಿದೆ, ಅದರ ಜೇಬು ದೊಡ್ಡದು.
ಕನ್ನಡಿಯೆದುರು ನಿಂತು,
'ನಮಸ್ಕಾರ ಸಾರ್, ನಾನು ಸೇಸಪ್ಪ ಅಮೀನ್.'
ಬಂದದ್ದು ಅದೇ ಹಳೆಯ ದನಿ,
'ಸಂಭಾಲ್ಕೇ, ಸಾಬ್, ದರ್ವಾಜಾ' ಎನ್ನುವುದು.
ಇನ್ನೊಮ್ಮೆ ಮೆತ್ತಗೆ.
ಮೂರನೇ ಸಲ ತುಟಿ ಮಾತ್ರ ಆಡಿತು.

ಕುರ್ಲಾದಿಂದ ಸ್ಲೋ ಲೋಕಲು, ಚೀಲ ಎದೆಗೆ.
ಮಾಟುಂಗಾ. ಹತ್ತೂ ಐವತ್ತು.
ಹೂವಿನಂಗಡಿ ದಾಟಿ ಬಲಕ್ಕೆ, ಎರಡನೇ ಮಹಡಿ.
ಮೆಟ್ಟಿಲು ಹತ್ತಿದರೆ ಮೊದಲ ಮಾತೇ ಏದುಸಿರು.
ಲಿಫ್ಟಿದೆ. ತಾನೇ ತೆರೆಯುವ ಉಕ್ಕಿನ ಬಾಗಿಲು,
ಒಳಗೆ ಸ್ಟೂಲಿಲ್ಲ, ಮನುಷ್ಯನಿಲ್ಲ.
ಗುಂಡಿಗಳ ಪಕ್ಕದ ಮೂಲೆಗೆ
ಕಾಲು ತಾನಾಗಿ ಒಯ್ದು ನಿಲ್ಲಿಸಿತು.

ಮುಚ್ಚುವಷ್ಟರಲ್ಲಿ ಒಂದು ಕಟ್ಟು ನುಗ್ಗೆಕಾಯಿ,
ಅದರ ಹಿಂದೆ ಒಬ್ಬ ಹೆಂಗಸು.
ನನ್ನ ಮುಖ ನೋಡದೆ 'ಚಾರ್' ಎಂದರು.
ನಾಲ್ಕು ಒತ್ತಿದೆ.
ಎರಡು ಹೊತ್ತಿತು, ಆರಿತು.
ಮೂರರ ಹತ್ತಿರ ಅವರೇ ಬಾಯಿಬಿಟ್ಟರು,
ಯಾರಿಗೆ ಎಂದಿಲ್ಲದೆ:
ಕೊನೆಗೂ ಅವಳೇ ಫೋನ್ ಮಾಡಿದಳು ನೋಡಿ,
ಆರು ವರ್ಷ ಆಗಿತ್ತು.
ನಾಲ್ಕು. ನುಗ್ಗೆಕಾಯಿ ಸಿಕ್ಕಿಕೊಳ್ಳದಂತೆ
ಬಾಗಿಲಿಗೆ ಕೈಯಡ್ಡ ಹಿಡಿದೆ. ಇಳಿದು ಹೋದರು.

ಯಾರವಳು? ಆರು ವರ್ಷ ಯಾಕೆ?

ಹತ್ತೂ ಐವತ್ತಾರು.
ಸಾವಿನ ಅಂಗಿಯ ಜೇಬಿನಿಂದ ಪೆನ್ನು ತೆಗೆದು
ಕಟ್ಟಿನ ಕೊನೆಯ ಹಾಳೆಯನ್ನು ಮಗುಚಿ
ಖಾಲಿ ಬದಿಗೆ ಗೀಚತೊಡಗಿದೆ.
ಕೆಳಗಿಂದ ಯಾರೋ ಗುಂಡಿ ಒತ್ತುತ್ತಲೇ ಇದ್ದರು.
ನನ್ನ ಮೊಣಕೈಗೆ ತಾಗಿ ತಾಗಿ ಹಿಂದೆ ಸರಿಯುತ್ತಿತ್ತು
ಬಾಗಿಲು.